ನೀಲಿ ಹುರಿಯ ಕನ್ನಡಕ

ನಮ್ಮ ಮಾವನ ಕನ್ನಡಕಕ್ಕೆ ಒಂದು ನೀಲಿ ಹುರಿ ಇತ್ತು. ಹಾಯಿ ಹೊಲಿಯುವ ದಪ್ಪ ನೈಲಾನ್ ದಾರವನ್ನು ಮೂರೆಳೆ ಹೆಣೆದು, ಕನ್ನಡಕದ ಎರಡೂ ಕಡ್ಡಿಗಳಿಗೆ ಗಂಟು ಹಾಕಿ, ಕತ್ತಿನ ಹಿಂದೆ ಇಳಿಬಿಟ್ಟುಕೊಂಡಿದ್ದರು. ಉಪ್ಪುನೀರಿಗೆ ಅದರ ಬಣ್ಣ ಮಾಸಿ, ಕತ್ತಿಗೆ ತಾಗುವ ಕಡೆ ಬಿಳಿಚಿಕೊಂಡಿತ್ತು. ಮಿಸಿಸಾಗಾದಲ್ಲಿ ನಮ್ಮ ಬಡಾವಣೆ ಎರಿನ್ ಮಿಲ್ಸ್‌ನ ಮಾಲಿಗೆ ಹೋದರೂ ಅದೇ, ಬಸವ ಜಯಂತಿಯ ದಿನ ರೇಷ್ಮೆ ಜುಬ್ಬಾದ ಮೇಲೂ ಅದೇ. ಒಮ್ಮೆ ನಮ್ಮ ಮಂದಿಯ ಊಟದ ಪಂಕ್ತಿಯಲ್ಲಿ ಯಾರೋ, "ಕಾಕಾರ, ನೀವು ಸ್ವಿಮ್ಮಿಂಗ್ ಕೋಚ್ ಏನ್ರಿ?" ಎಂದು ಕೇಳಿದರು. ಮಾವ ನನ್ನ ಕಡೆ ನೋಡದೆ, "ಅಲ್ರಿ, ಇದು ನಮ್ಮ ಸೊಸಿ ಕೊಟ್ಟ ಶಿಕ್ಷಾ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಬಗ್ಗಿ ಅನ್ನ ಕಲಸಿದೆ. ಅವರು ಹೇಳಿದ್ದು ಸುಳ್ಳಲ್ಲ. ಆ ಹುರಿಗೆ ಕಾರಣ ನಾನೇ.

ಮಾವ ಬೈಲಹೊಂಗಲದ ಕಡೆಯವರು. ಮಲಪ್ರಭೆಯ ಮಡುವಿನಲ್ಲಿ ಈಜು ಕಲಿತವರು. ಕೆನಡಾಕ್ಕೆ ಬಂದು ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ವಿಭಾಗದಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದರು. ಜೊತೆಗೆ ಕೆಲಸ ಮಾಡುತ್ತಿದ್ದ ನ್ಯೂಫೌಂಡ್‌ಲ್ಯಾಂಡಿನ ಮುದುಕನೊಬ್ಬ ನಿವೃತ್ತನಾಗಿ ಊರಿಗೆ ಹೋಗುವಾಗ ತನ್ನ ಹಳೆಯ ಹಾಯಿದೋಣಿಯನ್ನು ಮಾವನಿಗೆ ಗಂಟುಹಾಕಿ ಹೋದ. ಪೋರ್ಟ್ ಕ್ರೆಡಿಟ್‌ನ ದಕ್ಕೆಯಲ್ಲಿ ಅದನ್ನು ಕೆರೆದು, ತಿಕ್ಕಿ, ಕಾರ್ಖಾನೆಯಲ್ಲಿ ಕಲಿತ ಕೈಚಳಕದಿಂದಲೇ ಬಣ್ಣ ಬಳಿದು 'ಮಲಪ್ರಭಾ' ಎಂದು ಹೆಸರಿಟ್ಟರು. ನಿವೃತ್ತಿಯಾದ ವರ್ಷ ಅತ್ತೆಯನ್ನು ಕೂರಿಸಿಕೊಂಡು ಕಾಲುವೆ, ನದಿ ದಾಟಿ ಸಮುದ್ರಕ್ಕೆ ಇಳಿದರು. ಮರುವರ್ಷ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದರು. ನಮ್ಮ ಮಂದಿ ಕಾಂಡೋ ಕೊಳ್ಳುವ ವಯಸ್ಸಿನಲ್ಲಿ ಇವರಿಬ್ಬರು ದೋಣಿಯಲ್ಲಿ ಸಂಸಾರ ಹೂಡಿದರು. ಚಳಿಗಾಲ ಪೂರ್ತಿ ಅಲ್ಲೇ. ಬಿರುಗಾಳಿಯ ತಿಂಗಳುಗಳು ಬರುವ ಮುಂಚೆ ಗ್ರೆನಡಾದಲ್ಲಿ ದೋಣಿಯನ್ನು ದಡಕ್ಕೆ ಎತ್ತಿಸಿ ಇಟ್ಟು, ಚಳಿ ಕಳೆದು ಕೆನಡಾಕ್ಕೆ ಬಾತುಗಳು ವಾಪಸು ಬರುವ ಹೊತ್ತಿಗೆ ತಾವೂ ಮಿಸಿಸಾಗಾಕ್ಕೆ ಬರುತ್ತಿದ್ದರು. ಹೀಗೆ ಹನ್ನೊಂದು ಚಳಿಗಾಲ.

ಆಮೇಲೆ ಅತ್ತೆ ತೀರಿಕೊಂಡರು. ಮರುವರ್ಷ ಮಾವನ ಎದೆಗೆ ಎರಡು ಸ್ಟೆಂಟು ಬಿದ್ದವು. ಒಬ್ಬರೇ ದೋಣಿಯಲ್ಲಿ ಇರಕೂಡದು ಎಂದು ಡಾಕ್ಟರು ಹೇಳಿದರು. ನನ್ನ ಗಂಡನಿಗಂತೂ ಅಷ್ಟೇ ಬೇಕಿತ್ತು. ಅವರಿಗೆ ಅಪ್ಪನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಹೆದರಿಕೆಯೇ ಅವರ ಪ್ರೀತಿಯ ರೂಪ. ಆ ಚಳಿಗಾಲ ನಾನು ಖಾಲಿ ಇದ್ದೆ. ಬೋಲ್ಟನ್‌ನಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ ಗೋದಾಮು ಬೇರೆ ಊರಿಗೆ ಎದ್ದುಹೋಗಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಗಂಡ ತೀರ್ಪು ಕೊಟ್ಟರು: "ಐದ ವಾರ ನೀ ಅಪ್ಪನ ಜೋಡಿ ಹೋಗು. ಆನೆಸ್ಟಾಗಿ ನೋಡಿ ಹೇಳು. ಅವರ ಕಡಿಂದ ಮ್ಯಾನೇಜ್ ಆಗತೈತಿ ಅಂದ್ರ ಫೈನ್. ಇಲ್ಲಂದ್ರ ದಿಸ್ ಇಸ್ ದ ಲಾಸ್ಟ್ ಇಯರ್, ದೋಣಿ ಮಾರೂದು."

ಕಿಟಕಿಯ ಬಳಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದ ಮಾವ, "ಆತು" ಎಂದರು. ದೊಡ್ಡ ಮಾತಿಗೆ ಅವರ ಉತ್ತರ ಯಾವಾಗಲೂ ಅಷ್ಟೇ ಸಣ್ಣದು. ಮೊಸರಿಗೆ ಉಪ್ಪು ಕಡಿಮೆಯಾಗಿದ್ದರೆ ಮಾತ್ರ ಹತ್ತು ನಿಮಿಷ ಮಾತಾಡುವವರು.

ಹೀಗೆ ಈಜು ಬಾರದ, ಲೇಕ್ ಒಂಟಾರಿಯೋದಲ್ಲಿ ಪಾದ ಕೂಡ ತೋಯಿಸದ ನಾನು ಮಾವನ ದೋಣಿಗೆ ಏಕಕಾಲಕ್ಕೆ ಸಿಪಾಯಿಯೂ ನ್ಯಾಯಾಧೀಶೆಯೂ ಆದೆ.

ಇಲ್ಲಿ ನನ್ನ ಮತ್ತು ಮಾವನ ನಡುವಿನ ರಿವಾಜು ಹೇಳಬೇಕು. ಮದುವೆಯಾಗಿ ವಿಮಾನ ಹತ್ತುವಾಗ ನನ್ನವ್ವ ಕಿವಿಯಲ್ಲಿ ಹೇಳಿ ಕಳಿಸಿದ್ದಳು: ಮಾವನ ಎದುರು ಕೂರಬೇಡ, ದನಿ ಎತ್ತಬೇಡ, ಅವರ ಕೈಗೆ ಕೈ ತಾಗುವಂತೆ ಏನನ್ನೂ ಕೊಡಬೇಡ. ಮುಂದೆ ಇಟ್ಟು, "ಇಟ್ಟೇನ್ರಿ" ಎಂದು ಹೇಳಿ ಸರಿದುಬಿಡು. ನಾನು ಬಂದ ವಾರ ಚಹದ ಕಪ್ಪನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದದ್ದನ್ನು ಕಂಡು ಅತ್ತೆ ಬಿದ್ದು ಬಿದ್ದು ನಕ್ಕರು. "ನಾ ಇದನ್ನೆಲ್ಲಾ ಯಾವಾಗೋ ಏರ್‌ಪೋರ್ಟನ್ಯಾಗ ಬಿಟ್ಟ ಬಂದೇನವಾ. ನೀ ಮತ್ತ ಹೊತ್ಕೊಂಡ ಬಂದಿಯಲ್ಲಾ" ಎಂದರು. ನಕ್ಕರೇನಾಯಿತು, ಕಲಿತದ್ದು ಹೋಗಲಿಲ್ಲ. ಹದಿನೆಂಟು ವರ್ಷ ನಾನು ಮಾವನಿಗೆ ಚಹ, ಪೇಪರು, ಗುಳಿಗೆ, ಎಲ್ಲವನ್ನೂ ಇಟ್ಟೆನೇ ಹೊರತು ಒಮ್ಮೆಯೂ ಕೊಡಲಿಲ್ಲ.

ಮಾವನೂ ಕಡಿಮೆಯಲ್ಲ. ಊರ ಕಡೆ ಹಿರಿಯರು ಮನೆಯೊಳಗೆ ಬರುವಾಗ ಹೆಣ್ಣುಮಕ್ಕಳಿಗೆ ಗೊತ್ತಾಗಲೆಂದು ಕೆಮ್ಮುತ್ತಾರಲ್ಲ, ಆ ಕೆಮ್ಮನ್ನು ಅವರು ಎರಿನ್ ಮಿಲ್ಸ್ ಮನೆಯ ಮೆಟ್ಟಿಲ ಮೇಲೂ ಕೆಮ್ಮುತ್ತಿದ್ದರು. ಇಲ್ಲೇನೋ ಸರಿ, ಎರಡಂತಸ್ತಿನ ಮನೆ. ಆದರೆ ಆ ತುದಿಯಿಂದ ಈ ತುದಿಗೆ ಹತ್ತು ಹೆಜ್ಜೆಯ ದೋಣಿಯಲ್ಲಿ ಕೆಮ್ಮಿ ಬರುವುದೆಂದರೆ ದಿನವಿಡೀ ಕೆಮ್ಮಬೇಕು. ಕೆಳಗಿಳಿದರೆ ಕೆಮ್ಮು, ಮೇಲೆ ಬಂದರೆ ಕೆಮ್ಮು, ನಾನು ಪರದೆಯ ಹಿಂದೆ ಸೀರೆ ಬಿಟ್ಟು ಚೂಡಿದಾರ ಹಾಕಿಕೊಳ್ಳುತ್ತಿದ್ದರೆ ದೋಣಿಯ ಮೂತಿಯಲ್ಲಿ ಬೆನ್ನು ತಿರುಗಿಸಿ ನಿಂತು ಒಂದೇ ಸಮನೆ ಕೆಮ್ಮು. ಮೂರನೆಯ ದಿನ ಪಕ್ಕದಲ್ಲಿ ಲಂಗರು ಹಾಕಿದ್ದ ಕ್ವಿಬೆಕ್‌ನ ವಯಸ್ಸಾದ ದಂಪತಿ ಪುಟ್ಟ ರಬ್ಬರ್ ದೋಣಿಯಲ್ಲಿ ಬಂದು, ತುಂಬ ಕಳಕಳಿಯಿಂದ ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟುಹೋದರು. ಮಾವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಥ್ಯಾಂಕ್ಯೂ ಹೇಳಿ, ಲೇಬಲ್ಲನ್ನು ಪೂರ್ತಿ ಓದಿ, ಔಷಧಿ ಡಬ್ಬಿಯಲ್ಲಿಟ್ಟರು. ಆ ಮಧ್ಯಾಹ್ನದಿಂದ ಕೆಮ್ಮಿನ ಬದಲು ಹಲಗೆ ತಟ್ಟತೊಡಗಿದರು.

ದೋಣಿಯ ದಿನಚರಿ ನಾನು ಎಣಿಸಿದಂತೆ ರಜೆಯ ದಿನಚರಿಯಲ್ಲ. ಬೆಳಕು ಹರಿಯುತ್ತಲೇ ಮಾವ ಮೇಲೆ ಹೋಗಿ ದಂಡೆಯ ಕಡೆ ನೋಡುತ್ತಿದ್ದರು. ಹಿಂದಿನ ಸಂಜೆ ಒಂದು ತೆಂಗಿನಮರ, ಅದರ ಹಿಂದೆ ಇಗರ್ಜಿಯ ಗೋಪುರ, ಹೀಗೆ ಎರಡು ಗುರುತು ಹಿಡಿದಿಟ್ಟಿರುತ್ತಿದ್ದರು. ಎರಡೂ ಒಂದೇ ಸಾಲಿನಲ್ಲಿದ್ದರೆ ಲಂಗರು ಜಾರಿಲ್ಲ, ಚಹಕ್ಕೆ ಅಡ್ಡಿಯಿಲ್ಲ. ಆಮೇಲೆ ರೇಡಿಯೋದಲ್ಲಿ ಗಾಳಿಯ ಸುದ್ದಿ. ಆಮೇಲೆ ನೀರಿನ ಲೆಕ್ಕ. ಪಾತ್ರೆ ಸಮುದ್ರದ ನೀರಿನಲ್ಲಿ ತಿಕ್ಕಿ, ಸಿಹಿನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ಮಾವ ಸಮುದ್ರಕ್ಕೆ ಧುಮುಕಿ ಎರಡು ಸುತ್ತು ಈಜಿ ಬಂದು, ಒಂದು ಚರಿಗೆ ಸಿಹಿನೀರು ಸುರಿದುಕೊಂಡರೆ ಅವರ ಜಳಕ ಮುಗಿಯಿತು. ನನಗೆ ಮಾತ್ರ ಎರಡು ಚರಿಗೆ ಮಂಜೂರಾಗಿತ್ತು. ಅನ್ನಕ್ಕೆ ಉಪ್ಪಿನ ಬದಲು ಒಂದು ಪಾಲು ಸಮುದ್ರದ ನೀರನ್ನೇ ಹಾಕುತ್ತಿದ್ದರು, ಅದೂ ಕೈಯಳತೆಯಲ್ಲಿ, ಒಂದು ದಿನವೂ ಹೆಚ್ಚುಕಡಿಮೆಯಾಗಲಿಲ್ಲ. ಉಳಿದಂತೆ ಮಿಸಿಸಾಗಾದಿಂದ ಡಬ್ಬಿಗಟ್ಟಲೆ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಸ್ಥಳೀಯ ಮೀನುಗಾರರು ಜೀವಂತ ಸಿಗಡಿ ಹಿಡಿದುಕೊಂಡು ಬಂದು ಕರೆದರೆ ಮಾವ ಕೈಮುಗಿದು, ಅವರಿಂದ ಬಾಳೆಹಣ್ಣು ಕೊಳ್ಳುತ್ತಿದ್ದರು. ಸುತ್ತ ಸಮುದ್ರ, ತಾಟಿನಲ್ಲಿ ಶೇಂಗಾ ಚಟ್ನಿ. ಆ ಮೀನುಗಾರರು ನಮ್ಮನ್ನು ನೋಡಿ ಏನೆಂದುಕೊಂಡಿರಬಹುದು ಎಂದು ನನಗೆ ಈಗಲೂ ನಗು ಬರುತ್ತದೆ.

ನನ್ನ ಕಷ್ಟ ಇದ್ದದ್ದು ಚಹದಲ್ಲಿ. ಮೊದಲ ದಿನವೇ ಮೂರು ಕಪ್ಪು ಉರುಳಿದವು. ಮಾವನ ಪಕ್ಕದ ಹಲಗೆಯ ಮೇಲೆ ಇಟ್ಟು, "ಇಟ್ಟೇನ್ರಿ" ಎಂದು ಹಿಂತಿರುಗುವಷ್ಟರಲ್ಲಿ ದೋಣಿ ಒಂದು ಸಲ ಹೊರಳುತ್ತಿತ್ತು, ಚಹ ಸಮುದ್ರದ ಪಾಲು. ಮೂರನೆಯ ಕಪ್ಪು ಹೋದಮೇಲೆ ಮಾವ ಸಮುದ್ರವನ್ನೇ ನೋಡುತ್ತ, ಅದಕ್ಕೇ ಹೇಳುವವರಂತೆ ಹೇಳಿದರು:

"ಹಡಗದಾಗ ಇಡೂದು ಅನ್ನೂದು ಇಲ್ಲವಾ. ಕೊಡೂದು, ತಗೊಳ್ಳೂದು, ಅಷ್ಟ. ತಗೊಂಡವರು 'ಹಿಡದೆ' ಅನ್ನೂತನಾ ಕೊಟ್ಟವರು ಬಿಡಬಾರದು. ನಿಮ್ಮತ್ತಿ ಮಾಡಿದ ಕಾಯ್ದೆ ಇದು." ಸ್ವಲ್ಪ ತಡೆದು, "ಸಮುದ್ರ ಯಾರ ಸೊಸಿನೂ ಅಲ್ಲ, ಹೇಳಿದಂಗ ಕೇಳಾಕ" ಎಂದರು. ಯಾರಿಗೆ ಹೇಳುತ್ತಿದ್ದೇನೆಂದು ಆಮೇಲೆ ಹೊಳೆದು, ಗಡಬಡಿಸಿ ಹಗ್ಗ ಸುತ್ತಲು ಹೋದರು.

ಕಾಯ್ದೆ ನನಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ. ಕಪ್ಪನ್ನು ಅವರ ಕಡೆ ಚಾಚುತ್ತಿದ್ದೆ; ಅವರ ಬೆರಳು ಹತ್ತಿರ ಬಂತೆಂದರೆ ನನ್ನ ಕೈ ತಾನಾಗಿ ಹಲಗೆಯತ್ತ ತಿರುಗುತ್ತಿತ್ತು. ಮಾವ ಮತ್ತೆ ಹೇಳಲಿಲ್ಲ. ಚಹವನ್ನು ಮುಚ್ಚಳದ ಬಾಟಲಿಯಲ್ಲಿ ಕುಡಿಯತೊಡಗಿದರು.

ಎರಡನೆಯ ವಾರ ಉತ್ತರದ ಒಂದು ಪುಟ್ಟ ದ್ವೀಪಕ್ಕೆ ಹೊರಟಿದ್ದೆವು. ಅದರ ಸುತ್ತ ಹವಳದ ದಿಬ್ಬ. ಒಳಗೆ ಹೋಗಲು ಎರಡು ದಿಬ್ಬಗಳ ನಡುವೆ ಕಿರಿದಾದ ಒಂದು ಬಾಯಿ. ಸೂರ್ಯ ನೆತ್ತಿಯ ಮೇಲಿದ್ದಾಗ ನೀರಿನ ಬಣ್ಣ ನೋಡಿಕೊಂಡು ನುಸುಳಬೇಕು. ನಕಾಶೆ ಟ್ಯಾಬ್ಲೆಟ್ಟಿನಲ್ಲಿತ್ತು, ಆದರೆ ಅದನ್ನೇ ನಂಬಿ ಹೋದವರು ಹವಳದ ಮೇಲೆ ಕೂತಿದ್ದಾರೆ, ಅಲ್ಲಿ ಕಣ್ಣೇ ನಕಾಶೆ ಎಂದು ಮಾವ ಹೇಳಿದ್ದರು. ದ್ವೀಪ ಕಾಣುವ ಹೊತ್ತಿಗೆ ಅಲೆಯ ಸಿಡಿತಕ್ಕೆ ಅವರ ಕನ್ನಡಕದ ಮೇಲೆಲ್ಲ ಉಪ್ಪು ಕಟ್ಟಿತ್ತು. ಚುಕ್ಕಾಣಿ ಬಿಡುವಂತಿರಲಿಲ್ಲ. ತೆಗೆದು ನನಗೆ ಕೊಟ್ಟರು, ಅಂದರೆ ಹಿಡಿದು ಚಾಚಿದರು, ನಾನು ಸೆರಗಿನಂತೆ ದುಪಟ್ಟಾ ಒಡ್ಡಿ ಅದರಲ್ಲಿ ಹಾಕಿಸಿಕೊಂಡೆ. ಕೆಳಗೆ ಹೋಗಿ ಸಿಹಿನೀರಿನಲ್ಲಿ ತೊಳೆದೆ. ಒರೆಸಿದೆ. ಮೇಲೆ ಬಂದು, ಅವರು ಒರಗಿ ನಿಂತಿದ್ದ ಎಡಬದಿಯ ಅಗಲವಾದ ಅಂಚಿನ ಮೇಲೆ ಅದನ್ನು ಇಟ್ಟು, "ಕನ್ನಡಕ ಇಟ್ಟೇನ್ರಿ" ಎಂದೆ.

ದೋಣಿ ಎಡಕ್ಕೆ ವಾಲಿತು. ಕನ್ನಡಕ ಅವಸರವಿಲ್ಲದೆ ಜಾರಿ ಸಮುದ್ರಕ್ಕೆ ಇಳಿಯಿತು. ಸದ್ದು ಕೂಡ ಆಗಲಿಲ್ಲ.

ಮಾವ ನೀರಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು, ಆದರೆ ಅವರಿಗೆ ನಾನು ಕಾಣುತ್ತಿಲ್ಲವೆಂದು ಆ ನೋಟದಲ್ಲೇ ಗೊತ್ತಾಯಿತು. ಕೈಯಳತೆಯ ಆಚೆ ಅವರಿಗೆ ಎಲ್ಲವೂ ಮಂಜು. ಇನ್ನೊಂದು ಜೊತೆ ಕನ್ನಡಕ ಎರಿನ್ ಮಿಲ್ಸ್ ಮನೆಯ ಫ್ರಿಜ್ಜಿನ ಮೇಲೆ ಭದ್ರವಾಗಿತ್ತು. ಹಿಂದಿರುಗಿದರೆ ದಾರಿಯಲ್ಲೇ ಕತ್ತಲಾಗುತ್ತಿತ್ತು. ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆನೇನೋ. ಮಾವ ಬೈಯಲಿಲ್ಲ. ಕೈಯ ಅಂದಾಜಿನಲ್ಲೇ ಹಾಯಿ ಇಳಿಸಿದರು, ಎಂಜಿನ್ ಹಚ್ಚಿದರು. ನನ್ನ ಲೈಫ್ ಜಾಕೆಟ್ಟಿನ ಬಕಲನ್ನು ಮುಟ್ಟಿ ನೋಡಿ, "ಮುಂದ ಹೋಗಿ ತಂತಿ ಹಿಡಕೊಂಡ ನಿಂದರವಾ. ನೀ ನೋಡು, ನಾ ನಡಸ್ತೇನಿ. ಬಣ್ಣ ಹೇಳು" ಎಂದರು.

ದೋಣಿಯ ಮೂತಿಗೆ ಹೋಗಿ, ಹಾಯಿಗಂಬದಿಂದ ಬಿಗಿದ ಉಕ್ಕಿನ ತಂತಿ ಹಿಡಿದು ನಿಂತೆ. ಕಡುನೀಲಿ ಆಳ, ಹಸಿರು ಪರವಾಗಿಲ್ಲ, ಕಂದು ಬಂತೆಂದರೆ ಹವಳ. ಕಂದು ಎಡಕ್ಕೂ ಇತ್ತು, ಬಲಕ್ಕೂ ಇತ್ತು.

"ಮಾವಾರ, ಒಂದೀಟು ಬಲಕ್ಕ ತಗೋತೀರೇನ್ರಿ?" ಎಂದೆ. ಎಂಜಿನ್ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ.

"ಕೇಳವಲ್ದು. ಒದರು. ರೀ ಗೀ ಎಲ್ಲಾ ದಂಡಿಗೆ ಹೋದಮ್ಯಾಲ."

ಒದರಿದೆ. "ಬಲಕ್ಕ. ಇನ್ನೂ ಬಲಕ್ಕ. ಸಾಕು. ನೆಟ್ಟಗ. ನೆಟ್ಟಗ ಬಾ. ಎಡಕ್ಕ, ಎಡಕ್ಕ ತಗೋ. ಸಾವಕಾಶ. ನಿಲ್ಲು." ಹದಿನೆಂಟು ವರ್ಷ ಯಾರ ಎದುರು ಕೂರಲಿಲ್ಲವೋ ಆ ಮಾವನಿಗೆ ಏಕವಚನದಲ್ಲಿ ಬಾ, ತಗೋ, ನಿಲ್ಲು ಎಂದು ಊರ ಹೊಲದಲ್ಲಿ ಎತ್ತು ಹೊಡೆಯುವವರಂತೆ ಕೂಗಿದೆ. ನಾನು ಹೇಳಿದಷ್ಟೇ ದೋಣಿ ತಿರುಗುತ್ತಿತ್ತು, ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ಹವಳದ ಬಂಡೆ ಎಡಗಡೆ ಎಷ್ಟು ಹತ್ತಿರ ಹಾದುಹೋಯಿತೆಂದರೆ ಅದರ ಮೇಲಿನ ಮೀನಿನ ಪಟ್ಟೆಗಳು ಕಂಡವು. ಆಮೇಲೆ ನೀರು ತಿಳಿಹಸಿರಾಯಿತು, ಅಲೆ ನಿಂತಿತು. ಲಂಗರು ಇಳಿಸಿದೆವು.

ನಾನು ಚಹ ಮಾಡಿದೆ. ತಂದು ಅವರ ಕೈಗೆ ಕೊಟ್ಟೆ. ಅವರ ಬೆರಳು ನನ್ನ ಬೆರಳಿಗೆ ತಾಗಿದವು, ಉಪ್ಪಿನಿಂದ ಒರಟಾಗಿದ್ದವು. "ಹಿಡದೆ" ಎಂದರು. ಬಿಟ್ಟೆ. ಒಂದು ಗುಟುಕು ಕುಡಿದು ಮಾವ ಅಂದರು: "ಹದಿನೆಂಟ ವರ್ಷದಾಗ ಇವತ್ತ ನಿನ್ನ ದನಿ ಕೇಳಿದೆ ನೋಡವಾ. ಚಲೋ ಐತಿ ದನಿ."

ಅಳು ಬಂತು. ಅಲ್ಲೇ ಕೂತು, ಅವರ ಎದುರಿಗೇ ಕೂತು ಅತ್ತೆ.

ಮರುದಿನ ಭಾನುವಾರ. ನನ್ನ ಗಂಡನ ಫೋನು. ವರದಿ ಕೇಳುವ ದಿನ. ನಾನು ಬಾಯಿ ತೆರೆಯುವ ಮುಂಚೆ ಮಾವ ಕೈ ಚಾಚಿ ಫೋನು ಇಸಿದುಕೊಂಡರು. "ನಿನ್ನೆ ಹವಳದ ದಿಬ್ಬ ದಾಟೂ ಮುಂದ ಕನ್ನಡಕ ಸಮುದ್ರದಾಗ ಬೀಳಿಸಿದೆ. ಫ್ರಿಜ್ಜಿನ ಮ್ಯಾಲಿಂದು ಯಾರರ ಬರೂವರ ಕೈಯಾಗ ಕಳಸು."

ಸ್ಪೀಕರಿನಲ್ಲಿ ನನ್ನ ಗಂಡನ ಉಸಿರು ಕೇಳಿಸಿತು. "ಅಪ್ಪಾ, ಕಣ್ಣ ಕಾಣಲಾರದ ಹವಳದಾಗ ಹಡಗ ನಡಸಿದ್ರೇನು? ನಾ ಇದನ್ನ ಹೇಳ್ತಿದ್ದೆ. ದ್ಯಾಟ್ಸ್ ಇಟ್. ಈ ಸಲ ಮಾರೇಬಿಡೂಣು."

"ಆತು" ಎಂದರು ಮಾವ. ಫೋನನ್ನು ನನ್ನ ಕಡೆ ಚಾಚಿದರು.

ಅವರ ಮುಖ ನೋಡಿದೆ. ಹನ್ನೊಂದು ಚಳಿಗಾಲ ಅತ್ತೆಯ ಜೊತೆ ಬಾಳಿದ ಮನೆಯನ್ನು ಒಂದು ಪದದಲ್ಲಿ ಬಿಟ್ಟುಕೊಟ್ಟು, ಹಲಗೆಯ ಮೇಲಿನ ಉಪ್ಪನ್ನು ಉಗುರಿನಿಂದ ಕೆರೆಯುತ್ತಿದ್ದರು. ನನ್ನ ತಪ್ಪನ್ನು ಹೊಟ್ಟೆಯಲ್ಲಿ ಹಾಕಿಕೊಂಡಿದ್ದರು. ನಾನು ಸುಮ್ಮನಿದ್ದರೆ ನನಗೆ ಯಾರೂ ಏನೂ ಅನ್ನುವವರಿರಲಿಲ್ಲ. ಮನೆಗೆ ಹೋಗಬಹುದಿತ್ತು, ಇನ್ನೆಂದೂ ಈ ನೀರಿಗೆ ಬರಬೇಕಿರಲಿಲ್ಲ. ಅದೂ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ.

"ಅವರು ಬೀಳಿಸಿಲ್ಲ" ಎಂದೆ. "ಕೈಯಾಗ ಕೊಡೂದು ಬಿಟ್ಟು ನಾ ಅಂಚಿನ ಮ್ಯಾಲ ಇಟ್ಟೆ."

"ಅಲ್ಲಿ ಯಾಕ ಇಟ್ಟಿ? ಯಾರ್ದದು ಪದ್ಧತಿ?"

"ನಂದು. ಅವ್ವ ಕಲಿಸಿದ್ದು. ಮತ್ತ ನೀವು ಆನೆಸ್ಟಾಗಿ ಹೇಳು ಅಂದಿದ್ರಿ, ಹೇಳ್ತೇನಿ ಕೇಳ್ರಿ. ಕಣ್ಣ ಇಲ್ಲದ ಇವರು ನಡಸಿದಷ್ಟು ನೆಟ್ಟಗ ನೀವು ಫೋರ್ ನಾಟ್ ತ್ರೀ ಹೈವೇ ಮ್ಯಾಲ ಕಾರ್ ನಡಸೂದಿಲ್ಲ."

ಆ ಕಡೆಯಿಂದ ಒಲ್ಲದ ನಗು. "ಸರಿ, ಮುಂದಿನ ವರ್ಷದ್ದು ಮುಂದ ನೋಡೂಣು" ಎಂದರು. ಅವರ ಬಾಯಲ್ಲಿ ಅದು ಒಪ್ಪಿಗೆಯೇ.

ಫೋನಿಟ್ಟ ಮೇಲೆ ಮಾವನನ್ನು ಕೇಳಿದೆ, ಸುಳ್ಳು ಯಾಕೆ ಹೇಳಿದಿರಿ ಎಂದು. "ಸುಳ್ಳೆಲ್ಲಿ ಬಂತು? ಹಡಗದ ಮ್ಯಾಲಿಂದ ಏನ್ ಬಿದ್ರೂ ಚುಕ್ಕಾಣಿ ಹಿಡದಾಂವನ ಬೀಳಿಸಿದಂಗ" ಎಂದರು. ಟೊರಾಂಟೋದಿಂದ ಬರುವವರ ಕೈಯಲ್ಲಿ ಕನ್ನಡಕ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಬೆಳಗಿನ ತೆಂಗಿನಮರ, ಗೋಪುರ ನೋಡುವ ಕೆಲಸ ನನ್ನದು. ಕನ್ನಡಕ ಬಂದ ಮಧ್ಯಾಹ್ನ ಮಾವ ನೀಲಿ ದಾರ ತೆಗೆದು ಹುರಿ ಹೆಣೆಯಲು ಕೂತರು. ಮೂರೆಳೆಯ ತುದಿಯನ್ನು ನನಗೆ ಹಿಡಿಯಲು ಕೊಟ್ಟರು.

ಆಮೇಲೆ ಮೂರು ಚಳಿಗಾಲ ಸಿಕ್ಕವು. ನನಗೆ ಮತ್ತೆ ಕೆಲಸ ಸಿಕ್ಕಿದ್ದರೂ ರಜೆಯನ್ನೆಲ್ಲ ಕೂಡಿಸಿ ಪ್ರತಿ ವರ್ಷ ಹೋದೆ. ಉಳಿದ ವಾರಗಳಿಗೆ ನನ್ನ ಗಂಡನೇ ಗೊಣಗುತ್ತ ಬಂದರು. ಎರಿನ್ ಮಿಲ್ಸ್ ಮನೆಯಲ್ಲೂ ದೋಣಿಯ ಕಾಯ್ದೆ ಬಂತು. ಮಾವ ನನ್ನ ಮಗಳಿಗೆ ಹಾಲಿನ ಲೋಟ ಕೊಟ್ಟರೆ ಅವಳು, "ಗಾಟ್ ಇಟ್, ಅಜ್ಜಾ" ಎನ್ನುವಳು. ಅಜ್ಜ ಬಿಡುತ್ತಿರಲಿಲ್ಲ. ಲೋಟ ಇಬ್ಬರ ಕೈಯಲ್ಲೂ ಇದ್ದಂತೆ ಅವಳು ಸೋತು, "ಫೈನ್, ಹಿಡದೆ" ಎಂದಮೇಲೆಯೇ ಬಿಡುವರು. ಬೇರೆ ಕನ್ನಡ ಕಲಿಯದ ಹುಡುಗಿ ಆ ಒಂದು ಪದವನ್ನು ಈಗ ಗೆಳತಿಯರಿಗೂ ಕಲಿಸಿದ್ದಾಳೆ. ನಾನು ಕಮ್ಯುನಿಟಿ ಸೆಂಟರಿನ ಕೊಳದಲ್ಲಿ ಆರು ವರ್ಷದ ಮಕ್ಕಳ ಜೊತೆ ಈಜು ಕಲಿಯುತ್ತಿದ್ದೇನೆ. ಮಲಪ್ರಭಾ ಗ್ರೆನಡಾದ ದಡದಲ್ಲಿದೆ. ಮಾರುವ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಮಾವನ ಹೃದಯದ ಕವಾಟ ಬದಲಿಸಬೇಕಾಯಿತು. ಆ ಆಪರೇಷನ್ನಿನಿಂದ ಅವರು ಏಳಲಿಲ್ಲ. ಒಳಗೆ ಒಯ್ಯುವ ಮುಂಚೆ ನರ್ಸು ಒಂದು ಟ್ರೇ ತಂದು ಹಾಸಿಗೆಯ ಮೇಲಿಟ್ಟು, ಕನ್ನಡಕ, ವಾಚು ಇದರಲ್ಲಿ ಇಡಿ ಎಂದಳು. ಮಾವ ವಾಚು ಇಟ್ಟರು. ನೀಲಿ ಹುರಿಯನ್ನು ತಲೆಯ ಮೇಲಿಂದ ತೆಗೆದು, ಕನ್ನಡಕ ಮಡಿಸಿ, ಟ್ರೇಯನ್ನು ದಾಟಿಸಿ ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡೆ. ಅವರು ಬಿಡಲಿಲ್ಲ. ನರ್ಸು ಕಾಯುತ್ತಿದ್ದಳು. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ದನಿಗಾಗಿ ಕಿವಿಗೊಟ್ಟಿದ್ದರು.

"ಹಿಡದೇನ್ರಿ, ಮಾವಾರ" ಎಂದೆ.

ಆಮೇಲೆ ಬಿಟ್ಟರು.